ನದಿಯ ಜತೆಯಲ್ಲಿ ಸೈಕಲ್ ಪ್ರವಾಸ: ಹೊರನಾಡಿನ ದಾರಿಯನ್ನು ಆರಿಸುವ ಬಗೆ

ಹೊರನಾಡಿನ ಹಳ್ಳಿಗಾಡನ್ನು ಸೈಕಲ್ಲಿನ ಮೇಲೆ ಸಂಚರಿಸಿ ನೋಡಬೇಕೆಂಬ ಅಭಿಲಾಷೆ ಹುಟ್ಟಿದವರು ಸಾಮಾನ್ಯವಾಗಿ ಮೊದಲು ಚಿತ್ರಗಳ ಮೊರೆಹೊಗುತ್ತಾರೆ. ಹಿಮಾಚ್ಛಾದಿತವಾದ ಶಿಖರ, ಅದರ ಪಾದದಲ್ಲಿ ನೀಲವರ್ಣದ ಸರೋವರ, ಸರೋವರದ ಅಂಚನ್ನು ಬಳಸಿ ಹೋಗುವ ನಿರ್ಜನವಾದ ದಾರಿ: ಇಷ್ಟನ್ನು ಕಂಡೊಡನೆ ಮನಸ್ಸು ನಿಶ್ಚಯ ಮಾಡಿಬಿಡುತ್ತದೆ. ಆದರೆ ಆ ಏರು ಎಷ್ಟು ಕಡಿದಾದುದು, ಮಧ್ಯಾಹ್ನದ ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಮಳೆ ಬಂದರೆ ಆಶ್ರಯ ಎಷ್ಟು ದೂರದಲ್ಲಿದೆ, ಸಂಜೆಗೆ ತಲುಪಬೇಕಾದ ಊರಿನಲ್ಲಿ ಸಸ್ಯಾಹಾರಿಗೆ ಊಟ ದೊರೆತೀತೇ ಎಂಬ ಪ್ರಶ್ನೆಗಳಿಗೆ ಚಿತ್ರದಲ್ಲಿ ಉತ್ತರವಿಲ್ಲ. ಪ್ರವಾಸದ ಸುಖವಾದರೋ ಬಹುಮಟ್ಟಿಗೆ ಈ ಉತ್ತರಗಳನ್ನೇ ಅವಲಂಬಿಸಿರುತ್ತದೆ. ದೇಹವು ತನ್ನ ಶಕ್ತಿಯ ಕೊನೆಯನ್ನು ಮುಟ್ಟಿದಾಗ ಕಣ್ಣು ಏನನ್ನೂ ನೋಡಲೊಲ್ಲದು. ಆದುದರಿಂದ ಪ್ರಥಮ ಬಾರಿಗೆ ಇಂಥ ಪ್ರವಾಸಕ್ಕೆ ಹೊರಡತಕ್ಕವರು ದೃಶ್ಯವನ್ನು ಆರಿಸುವುದಕ್ಕಿಂತ ಮುಂಚೆ ದಿನದ ಅಳತೆಯನ್ನು ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಳತೆ ಹಿತವಾಗಿದ್ದರೆ ಸಾಧಾರಣವಾದ ಹೊಲವೂ ರಮಣೀಯವಾಗಿ ಕಾಣುತ್ತದೆ. ಅಳತೆ ತಪ್ಪಿದರೆ ಆಲ್ಪ್ಸ್ ಪರ್ವತವೂ ಬರಿಯ ಏರಾಗಿ ಉಳಿದುಬಿಡುತ್ತದೆ.

ಅಳತೆಯೆಂದರೆ ಕೇವಲ ದೂರದ ಲೆಕ್ಕವಲ್ಲ. ಸಮತಲವಾದ ದಾರಿಯಲ್ಲಿ ಅವಸರವಿಲ್ಲದೆ ಪೆಡಲು ತುಳಿಯುವ ಆರೋಗ್ಯವಂತನು ಗಂಟೆಗೆ ಸುಮಾರು 15 ಕಿಲೋಮೀಟರು ಸಾಗಬಲ್ಲನೆಂದು ಇಟ್ಟುಕೊಂಡರೆ, 50 ಕಿಲೋಮೀಟರಿನ ದಿನವೆಂದರೆ ಮೂರೂವರೆ ಗಂಟೆಯಷ್ಟು ಹೊತ್ತು ಸೀಟಿನ ಮೇಲಿರುವುದು; ಉಳಿದ ಹಗಲೆಲ್ಲ ಹಳೆಯ ಇಗರ್ಜಿಯೊಂದರ ಒಳಗನ್ನು ನೋಡುವುದಕ್ಕೆ, ತೋಟದ ಬಾಗಿಲಲ್ಲಿ ನಿಂತು ಹಣ್ಣು ಕೊಳ್ಳುವುದಕ್ಕೆ, ನದೀತೀರದಲ್ಲಿ ಸುಮ್ಮನೆ ಕುಳಿತಿರುವುದಕ್ಕೆ ಮೀಸಲಾಗುತ್ತದೆ. ಮೊದಲ ಪ್ರವಾಸದಲ್ಲಿ ದಿನಕ್ಕೆ 40ರಿಂದ 60 ಕಿಲೋಮೀಟರೆಂಬ ಮಿತಿಯನ್ನು ದಾಟದಿರುವುದೇ ಲೇಸು. ಆದರೆ ದೂರಕ್ಕಿಂತಲೂ ಮುಖ್ಯವಾದುದು ಏರಿಕೆ. ನೂರು ಮೀಟರು ಮುಂದೆ ಹೋಗುವುದರೊಳಗೆ ಮೂರು ಮೀಟರು ಮೇಲೇರುವ ದಾರಿಯನ್ನು ಕಾಲು ಅಷ್ಟಾಗಿ ಲೆಕ್ಕಿಸುವುದಿಲ್ಲ. ಅದೇ ನೂರು ಮೀಟರಿನಲ್ಲಿ ಎಂಟು ಮೀಟರು ಏರಬೇಕಾಗಿ ಬಂದರೆ ಅಭ್ಯಾಸವಿಲ್ಲದವನು ಇಳಿದು ಸೈಕಲ್ಲನ್ನು ತಳ್ಳಿಕೊಂಡು ಹೋಗಬೇಕಾದೀತು. ಪ್ರವಾಸವನ್ನು ಏರ್ಪಡಿಸುವ ಸಂಸ್ಥೆಗಳು ತಮ್ಮ ದಾರಿಗಳಿಗೆ ಸುಲಭ, ಮಧ್ಯಮ, ಕಠಿಣ ಎಂಬ ಹೆಸರುಗಳನ್ನು ಕೊಟ್ಟಿರುತ್ತವೆ. ಒಂದು ಸಂಸ್ಥೆಯ ಸುಲಭವು ಮತ್ತೊಂದರ ಮಧ್ಯಮವಾಗಿರುವುದುಂಟು. ಆದಕಾರಣ ಹೆಸರನ್ನು ನಂಬದೆ, ಪ್ರತಿದಿನದ ಒಟ್ಟು ಏರಿಕೆ ಎಷ್ಟು ಮೀಟರು, ಎಲ್ಲಕ್ಕೂ ಕಡಿದಾದ ಏರು ಎಷ್ಟು ಉದ್ದದ್ದು ಎಂಬೆರಡು ಅಂಕಿಗಳನ್ನು ಬರಹದಲ್ಲಿ ಕೇಳಿ ಪಡೆಯತಕ್ಕದ್ದು.

ಈ ದೃಷ್ಟಿಯಿಂದ ವಿಚಾರ ಮಾಡಿದರೆ, ಹೊಸಬರಿಗೆ ದೊಡ್ಡ ನದಿಯ ದಂಡೆಯ ದಾರಿಗೆ ಸಮನಾದುದು ಮತ್ತೊಂದಿಲ್ಲ. ಅದರಲ್ಲಿಯೂ ಜರ್ಮನಿಯ ಪಾಸೌ ಪಟ್ಟಣದಿಂದ ಆಸ್ಟ್ರಿಯದ ರಾಜಧಾನಿಯಾದ ವಿಯೆನ್ನಾದವರೆಗೆ ಡ್ಯಾನ್ಯೂಬ್ ನದಿಯನ್ನು ಅನುಸರಿಸಿ ಹೋಗುವ ದಾರಿಯನ್ನು ನಾನು ಎಲ್ಲಕ್ಕೂ ಮುಂಚೆ ಹೆಸರಿಸುತ್ತೇನೆ. ಆ ದಾರಿ ಅಷ್ಟು ಸಮತಲವಾಗಿರುವುದಕ್ಕೆ ಒಂದು ಐತಿಹಾಸಿಕ ಕಾರಣವುಂಟು. ಉಗಿಯಂತ್ರದ ಹಡಗುಗಳು ಬರುವುದಕ್ಕೆ ಮುಂಚೆ ಉಪ್ಪು, ಧಾನ್ಯ, ದ್ರಾಕ್ಷಾರಸಗಳನ್ನು ತುಂಬಿದ ದೋಣಿಗಳು ಪ್ರವಾಹದ ಜತೆಯಲ್ಲಿ ತಾವೇ ಕೆಳಕ್ಕೆ ಸಾಗುತ್ತಿದ್ದುವಾದರೂ, ಮೇಲಕ್ಕೆ ಹೋಗಬೇಕಾದರೆ ಕುದುರೆಗಳ ತಂಡಗಳು ದಂಡೆಯ ಮೇಲೆ ನಡೆಯುತ್ತ ಹಗ್ಗ ಕಟ್ಟಿ ಅವನ್ನು ಎಳೆಯಬೇಕಾಗಿದ್ದಿತು. ಭಾರವನ್ನು ಎಳೆಯುವ ಕುದುರೆಗೆ ಏರಿಳಿತವಿಲ್ಲದ ದಾರಿ ಬೇಕು. ಹಾಗಾಗಿ ನೀರಿನ ಅಂಚಿನಲ್ಲಿಯೇ ಅಂಥ ದಾರಿಯನ್ನು ಕಡಿದು ಕಾಪಾಡಿಕೊಂಡು ಬಂದರು. 1829ರಲ್ಲಿ ಡ್ಯಾನ್ಯೂಬ್ ಉಗಿಹಡಗಿನ ಸಂಸ್ಥೆ ಸ್ಥಾಪಿತವಾಯಿತು. ಕಾಲಕ್ರಮದಲ್ಲಿ ಕುದುರೆಗಳು ಮರೆಯಾದುವು, ದಾರಿ ಮಾತ್ರ ಉಳಿಯಿತು. ಇಂದು ಸೈಕಲ್ ಪ್ರವಾಸಿಗಳು ಅನೇಕ ಕಡೆ ಆ ಹಳೆಯ ದಾರಿಯ ಮೇಲೆಯೇ, ಈಗ ಡಾಂಬರು ಹಾಸಿಕೊಂಡಿರುವುದರ ಮೇಲೆ, ಮೋಟಾರು ವಾಹನಗಳ ಕಾಟವಿಲ್ಲದೆ ಹೋಗುತ್ತಾರೆ.

ಪಾಸೌವಿನಿಂದ ವಿಯೆನ್ನಾಕ್ಕೆ ದಾರಿಯ ದೂರ ಸುಮಾರು 325 ಕಿಲೋಮೀಟರು. ಹೊರಡುವ ಊರು ಸಮುದ್ರಮಟ್ಟದಿಂದ ಸುಮಾರು 300 ಮೀಟರು ಎತ್ತರದಲ್ಲಿದೆ. ಮುಟ್ಟುವ ಊರು ಅದರ ಅರ್ಧಕ್ಕಿಂತ ತುಸು ಮೇಲೆ. ಇಷ್ಟು ದೂರಕ್ಕೆ ಹಂಚಿಹೋದ ಈ ಇಳಿಜಾರು ಕಣ್ಣಿಗೆ ಕಾಣುವಂಥದಲ್ಲವಾದರೂ, ಆ ಸೀಮೆಯಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮದಿಂದ ಬೀಸುವುದರಿಂದ, ಪ್ರವಾಹದ ದಿಕ್ಕಿನಲ್ಲಿ ಹೋಗುವವರಿಗೆ ಬೆನ್ನ ಹಿಂದಿನಿಂದ ಸಹಾಯ ದೊರೆಯುತ್ತದೆ. ಪ್ರವಾಸಿಗಳಲ್ಲಿ ಹೆಚ್ಚಿನವರು ಪಾಸೌವಿನಿಂದಲೇ ಹೊರಡುವುದಕ್ಕೆ ಇದೊಂದು ಕಾರಣ. ಏಳು ದಿನಗಳ ಹಂಚಿಕೆ ಸಹಜವಾಗಿ ಒದಗಿಬರುತ್ತದೆ: ಪಾಸೌವಿನಿಂದ ಶ್ಲೋಗೆನ್, ಅಲ್ಲಿಂದ ಲಿಂಟ್ಸ್, ಗ್ರೈನ್, ಮೆಲ್ಕ್, ಕ್ರೆಮ್ಸ್, ಟುಲ್ನ್, ಕೊನೆಗೆ ವಿಯೆನ್ನಾ. ಇವುಗಳಲ್ಲಿ ಲಿಂಟ್ಸ್‌ನಿಂದ ಗ್ರೈನ್‌ಗೆ 60 ಕಿಲೋಮೀಟರಿಗಿಂತ ತುಸು ಹೆಚ್ಚು. ಮಿಕ್ಕ ದಿನಗಳೆಲ್ಲ ಅದಕ್ಕಿಂತ ಕಡಿಮೆ. ನದಿಯ ಎರಡು ದಂಡೆಗಳಲ್ಲಿಯೂ ಬಹುತೇಕ ಕಡೆ ದಾರಿಯಿರುವುದರಿಂದ, ಸೇತುವೆಗಳ ಮೇಲೆಯೂ, ವಿದ್ಯುದಾಗಾರಗಳ ಕಟ್ಟೆಗಳ ಮೇಲೆಯೂ, ಚಿಕ್ಕ ದೋಣಿಗಳಲ್ಲಿಯೂ ಇತ್ತಣಿಂದತ್ತ ದಾಟುತ್ತ, ಬಿಸಿಲು ನೆರಳುಗಳನ್ನು ನೋಡಿಕೊಂಡು ದಂಡೆಯನ್ನು ಬದಲಾಯಿಸಬಹುದು.

ಪಾಸೌ ಮೂರು ನದಿಗಳ ಸಂಗಮ. ಆಲ್ಪ್ಸ್ ಪರ್ವತದ ನೀರನ್ನು ಹೊತ್ತು ತರುವ ಇನ್ ನದಿ ತಿಳಿಹಸುರು, ಉತ್ತರದ ಜೌಗುನೆಲದ ಕಾಡಿನಿಂದ ಇಳಿಯುವ ಇಲ್ಜ್ ನದಿ ಕಪ್ಪು, ನಡುವೆ ಡ್ಯಾನ್ಯೂಬ್. ಕೂಡಿದ ಮೇಲೆಯೂ ಕೊಂಚ ದೂರ ಈ ನೀರುಗಳು ಒಂದರೊಡನೊಂದು ಬೆರೆಯದೆ ಬೇರೆಬೇರೆ ಬಣ್ಣಗಳಲ್ಲಿ ಹರಿಯುವುದನ್ನು ಎತ್ತರದ ಕೋಟೆಯಿಂದ ನೋಡಬಹುದು. ಸಂಗಮಕ್ಷೇತ್ರಗಳಲ್ಲಿ ಮಿಂದು ಬೆಳೆದ ನಮ್ಮ ಜನಕ್ಕೆ ಆ ನೋಟ ಅಪರಿಚಿತವೆನಿಸದು. ಅದೇ ಊರಿನ ಪುರಭವನದ ಗೋಡೆಯ ಮೇಲೆ ಹಳೆಯ ಪ್ರವಾಹಗಳ ಎತ್ತರವನ್ನು ಗುರುತು ಹಾಕಿದ್ದಾರೆ. 2013ರ ಜೂನ್ ತಿಂಗಳಲ್ಲಿ ಬಂದ ನೀರು 1501ರಿಂದ ಈಚೆಗೆ ಬಂದುವುಗಳಲ್ಲೆಲ್ಲ ಎತ್ತರವಾದುದು. ಇದನ್ನು ಹೇಳಿದುದು ಭಯಪಡಿಸುವುದಕ್ಕಲ್ಲ. ನೀರಿನ ಅಂಚಿನ ದಾರಿ ನೀರು ಏರಿದಾಗ ಮೊದಲು ಮುಳುಗುತ್ತದೆ. 2024ರ ಸೆಪ್ಟೆಂಬರಿನಲ್ಲಿಯೂ ಕೆಳ ಆಸ್ಟ್ರಿಯ ಪ್ರಾಂತದಲ್ಲಿ ಭಾರಿ ಪ್ರವಾಹ ಬಂದಿತು. ಆದುದರಿಂದ ಹೊರಡುವ ವಾರದಲ್ಲಿ ದಾರಿಯ ಸ್ಥಿತಿಯನ್ನು ವಿಚಾರಿಸುವುದೂ, ಪ್ರವಾಹದ ನಿಮಿತ್ತ ಪ್ರವಾಸ ನಿಂತರೆ ಹಣದ ಗತಿಯೇನೆಂಬುದನ್ನು ಕರಾರಿನಲ್ಲಿ ಓದಿಕೊಳ್ಳುವುದೂ ಅವಶ್ಯ.

ಶ್ಲೋಗೆನ್ ಎಂಬಲ್ಲಿ ನದಿ ಗಟ್ಟಿಯಾದ ಶಿಲೆಗೆ ಎದುರಾಗಿ, ಬಂದ ದಿಕ್ಕಿಗೇ ಹಿಂದಿರುಗುವಂತೆ ತಿರುವು ತೆಗೆದುಕೊಳ್ಳುತ್ತದೆ. ಎಡದಂಡೆಯ ದಾರಿ ಅಲ್ಲಿ ಬೆಟ್ಟಕ್ಕೆ ಸಿಕ್ಕಿ ಮುಗಿದುಹೋಗುವುದರಿಂದ ಸೈಕಲ್ ಸಮೇತ ದೋಣಿ ಹತ್ತಬೇಕು. ಈ ದೋಣಿಗಳು ಚಳಿಗಾಲದಲ್ಲಿ ನಡೆಯುವುದಿಲ್ಲ. ಸೈಕಲ್ಲನ್ನು ಕೆಳಗೆ ಬೀಗ ಹಾಕಿ ನಿಲ್ಲಿಸಿ, ಅರ್ಧ ಗಂಟೆಯ ಏರುದಾರಿಯನ್ನು ನಡೆದು ಮೇಲಿನಿಂದ ಆ ತಿರುವನ್ನು ನೋಡದೆ ಮುಂದೆ ಹೋಗಬಾರದು.

ಲಿಂಟ್ಸ್ ದಾಟಿ ಸುಮಾರು 25 ಕಿಲೋಮೀಟರು ಹೋದರೆ ಮೌಟ್‌ಹೌಸೆನ್ ಎಂಬ ಊರು ಸಿಗುತ್ತದೆ. 1938ರಿಂದ 1945ರವರೆಗೆ ನಾಜಿಗಳ ಸೆರೆಶಿಬಿರ ಅಲ್ಲಿದ್ದಿತು. ಆ ಶಿಬಿರದಲ್ಲಿಯೂ ಅದಕ್ಕೆ ಸೇರಿದ ಉಪಶಿಬಿರಗಳಲ್ಲಿಯೂ ಇದ್ದ ಸುಮಾರು 1,90,000 ಮಂದಿ ಸೆರೆಯಾಳುಗಳಲ್ಲಿ ಕನಿಷ್ಠ 90,000 ಮಂದಿ ಪ್ರಾಣಬಿಟ್ಟರು. ಅವರು ಬಂಡೆಗಳನ್ನು ಹೊತ್ತು ಏರಬೇಕಾಗಿದ್ದ ಕಲ್ಲುಗಣಿಯ 186 ಮೆಟ್ಟಿಲುಗಳು ಇಂದೂ ಇವೆ. ರಮ್ಯವಾದ ನದೀಪ್ರವಾಸದ ನಡುವೆ ಇದೇಕೆಂದು ಎಷ್ಟೋ ಜನ ಪಕ್ಕದಲ್ಲಿಯೇ ಹಾದುಹೋಗುತ್ತಾರೆ. ಪ್ರವಾಸದ ಪುಸ್ತಿಕೆಗಳೂ ಒಂದು ಸಾಲಿನಲ್ಲಿ ಅದನ್ನು ಮುಗಿಸುವುದುಂಟು. ನನಗೆ ಅದು ಸರಿಯೆಂದು ತೋರುವುದಿಲ್ಲ. ಆ ಇಳಿಜಾರಿನ ಹಸುರನ್ನೂ ಆ ನದಿಯ ಶಾಂತಿಯನ್ನೂ ನೋಡಿ ಸಂತೋಷಪಡುವ ನಮಗೆ ಅದೇ ನೆಲದ ಮೇಲೆ ನಡೆದುದನ್ನು ತಿಳಿಯುವ ಋಣವಿದೆ. ಶಿಬಿರವಿರುವುದು ಗುಡ್ಡದ ಮೇಲೆ, ಏರು ಕಡಿದಾದುದು. ಅಲ್ಲಿಗೆ ಅರ್ಧ ದಿನವನ್ನಾದರೂ ಕೊಡಬೇಕು. ಹಾಗೆ ಮಾಡಿದ ದಿನವೇ ಗ್ರೈನ್ ತಲುಪುವ ಹಟ ಬೇಡ. ಸಂಸ್ಥೆಯವರಿಗೆ ಮೊದಲೇ ತಿಳಿಸಿ ಆ ರಾತ್ರಿಯ ವಸತಿಯನ್ನು ಮೌಟ್‌ಹೌಸೆನ್‌ನಲ್ಲಿಯೋ ನದಿಯಾಚೆಯ ಎನ್ಸ್‌ನಲ್ಲಿಯೋ ಮಾಡಿಸಿಕೊಂಡು ಒಂದು ದಿನವನ್ನು ಹೆಚ್ಚಿಸಿಕೊಳ್ಳುವುದು ಯುಕ್ತ.

ಗ್ರೈನ್‌ನ ಬಳಿಯ ಇಕ್ಕಟ್ಟಾದ ಕಣಿವೆ ಪೂರ್ವದಲ್ಲಿ ದೋಣಿಯವರ ಎದೆ ನಡುಗಿಸುತ್ತಿದ್ದ ಸುಳಿಗಳ ತಾಣ. ಈಗ ಕಟ್ಟೆಗಳಿಂದಾಗಿ ನೀರು ಅಲ್ಲಿ ನಿಂತಂತೆ ಸಾಗುತ್ತದೆ. ಅಲ್ಲಿಂದ ಮುಂದೆ ಬರುವ ಮೆಲ್ಕ್ ಊರಿನ ಬಂಡೆಯ ನೆತ್ತಿಯಲ್ಲಿ ಬೆನೆಡಿಕ್ಟ್ ಪಂಥದ ಸಂನ್ಯಾಸಿಗಳು 1089ರಿಂದ ನೆಲಸಿದ್ದಾರೆ. ಈಗ ಕಾಣುವ ಹೊನ್ನಬಣ್ಣದ ಮಠವನ್ನು ಯಾಕೊಬ್ ಪ್ರಾಂಡ್‌ಟೌವರ್ ಎಂಬ ಶಿಲ್ಪಿಯ ಯೋಜನೆಯಂತೆ 1702ರಲ್ಲಿ ಕಟ್ಟಲು ತೊಡಗಿದರು. ಅದರ ಗ್ರಂಥಭಂಡಾರವೊಂದಕ್ಕಾಗಿಯೇ ಎರಡು ಗಂಟೆಗಳನ್ನು ಮೀಸಲಿಡಬಹುದು.

ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ 36 ಕಿಲೋಮೀಟರುಗಳ ಕಣಿವೆಗೆ ವಾಖೌ ಎಂದು ಹೆಸರು. 2000ದಲ್ಲಿ ಯುನೆಸ್ಕೋ ಸಂಸ್ಥೆ ಅದನ್ನು ವಿಶ್ವಪರಂಪರೆಯ ತಾಣವೆಂದು ಅಂಗೀಕರಿಸಿತು. ದೂರವನ್ನು ಮಾತ್ರ ನೋಡಿದವರು ಇದನ್ನು ಒಂದು ಬೆಳಗಿನ ಕೆಲಸವೆಂದು ಎಣಿಸುತ್ತಾರೆ. ಇಡೀ ಪ್ರವಾಸದಲ್ಲಿ ಅತ್ಯಂತ ನಿಧಾನವಾಗಿ ಸಾಗಬೇಕಾದ ಭಾಗವೇ ಇದು. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಹೊಂದಿಸಿ ಕಟ್ಟಿದ ಗೋಡೆಗಳು ಬೆಟ್ಟದ ಮೈಯನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಮಾಡಿವೆ. ಆ ಮೆಟ್ಟಿಲುಗಳ ಮೇಲೆ ದ್ರಾಕ್ಷಿ, ಕೆಳಗಿನ ಸಮನೆಲದಲ್ಲಿ ಏಪ್ರಿಕಾಟ್. ಆಸ್ಟ್ರಿಯದ ಡ್ಯಾನ್ಯೂಬ್ ಕಟ್ಟೆಗಳ ಅಡ್ಡಿಯಿಲ್ಲದೆ ಹರಿಯುವುದು ಎರಡೇ ಭಾಗಗಳಲ್ಲಿ. ಅವುಗಳಲ್ಲಿ ವಾಖೌ ಒಂದು. ನೀರಿನ ವೇಗವನ್ನು ದಾರಿಯಿಂದಲೇ ಗಮನಿಸಬಹುದು. ಎಡದಂಡೆಯಲ್ಲಿ ಹಳ್ಳಿಗಳು ಹೆಚ್ಚು, ದಾರಿ ಅವುಗಳ ಬೀದಿಗಳೊಳಗೆ ನುಸುಳುತ್ತ ಅಲ್ಲಲ್ಲಿ ಏರಿಳಿಯುತ್ತದೆ. ಬಲದಂಡೆ ಸಮತಲ, ನಿಶ್ಶಬ್ದ. ಎಡದಂಡೆಯ ವಿಲೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿಯೇ 1908ರಲ್ಲಿ, ಗೇಣುದ್ದವೂ ಇಲ್ಲದ, ಸುಮಾರು 30,000 ವರ್ಷಗಳಷ್ಟು ಪ್ರಾಚೀನವಾದ ಸ್ತ್ರೀವಿಗ್ರಹ ದೊರೆತುದು. ಮೂಲವಿಗ್ರಹವನ್ನು ವಿಯೆನ್ನಾದ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಸ್ಪಿಟ್ಸ್ ಊರಿನಲ್ಲಿ ನದಿಯನ್ನು ಅಡ್ಡಗಟ್ಟಿ ಕಟ್ಟಿದ ತಂತಿಹಗ್ಗಕ್ಕೆ ಆತುಕೊಂಡು, ಯಂತ್ರದ ಸಹಾಯವಿಲ್ಲದೆ ಪ್ರವಾಹದ ಬಲದಿಂದಲೇ ಆಚೆಗೆ ಸಾಗುವ ದೋಣಿಯೊಂದಿದೆ. ಅದರಲ್ಲಿ ಒಮ್ಮೆ ದಾಟಿ ಮತ್ತೆ ಹಿಂದಿರುಗುವುದಕ್ಕೆ ತಗಲುವ ಕಾಲ ವ್ಯರ್ಥವಲ್ಲ. ಡ್ಯೂರ್ನ್‌ಸ್ಟೈನ್‌ನ ಮೇಲುಗಡೆ ನಿಂತಿರುವ ಪಾಳುಕೋಟೆಯಲ್ಲಿ, ಧರ್ಮಯುದ್ಧದಿಂದ ಹಿಂದಿರುಗುತ್ತಿದ್ದ ಇಂಗ್ಲೆಂಡಿನ ದೊರೆ ಸಿಂಹಹೃದಯಿ ರಿಚರ್ಡನನ್ನು 1192ರ ಕೊನೆಯಲ್ಲಿ ಹಿಡಿದು ಸೆರೆಯಿಟ್ಟಿದ್ದರು.

ಕ್ರೆಮ್ಸ್ ದಾಟಿದ ಮೇಲೆ ಬೆಟ್ಟಗಳು ಹಿಂದೆ ಸರಿಯುತ್ತವೆ, ದಾರಿ ನೇರವಾಗುತ್ತದೆ. ಬಲದಂಡೆಯ ಟ್ಸ್ವೆಂಟೆನ್‌ಡಾರ್ಫ್‌ನಲ್ಲಿ ಪೂರ್ತಿಯಾಗಿ ಕಟ್ಟಿ ಮುಗಿಸಿಯೂ ಒಂದು ದಿನವೂ ನಡೆಯದ ಅಣುವಿದ್ಯುದಾಗಾರವಿದೆ. 1978ರ ನವೆಂಬರ್ 5ರಂದು ನಡೆದ ಜನಮತಗಣನೆಯಲ್ಲಿ ಅತ್ಯಲ್ಪ ಬಹುಮತದಿಂದ ಆಸ್ಟ್ರಿಯದ ಪ್ರಜೆಗಳು ಅದನ್ನು ಬೇಡವೆಂದರು. ಟುಲ್ನ್ ಚಿತ್ರಕಾರ ಎಗೋನ್ ಶೀಲೆಯ ಜನ್ಮಸ್ಥಳ. ಅಲ್ಲಿಂದ ವಿಯೆನ್ನಾ ಅರ್ಧ ದಿನದ ದಾರಿ.

ಡ್ಯಾನ್ಯೂಬ್ ರುಚಿಸದವರಿಗೆ ಬೇರೆ ದಾರಿಗಳೂ ಉಂಟು. ಅರಮನೆ ಉದ್ಯಾನಗಳಲ್ಲಿ ಆಸಕ್ತಿಯುಳ್ಳವರು ಫ್ರಾನ್ಸಿನ ಲ್ವಾರ್ ನದಿಯ ದಾರಿಯನ್ನು ಹಿಡಿಯಬಹುದು. ಅದು ಒಟ್ಟು 900 ಕಿಲೋಮೀಟರು. ಆದರೆ ಬ್ಲ್ವಾ, ಆಂಬ್ವಾಸ್, ಟೂರ್ ಪಟ್ಟಣಗಳ ನಡುವಣ ಒಂದು ವಾರದ ಭಾಗವೇ ಸಾಕು. ಶಾಂಬೋರ್ ಅರಮನೆಯೂ, 1519ರಲ್ಲಿ ಲಿಯೊನಾರ್ದೊ ದ ವಿಂಚಿ ಕೊನೆಯುಸಿರೆಳೆದ ಮನೆಯೂ ಆ ಭಾಗದಲ್ಲಿವೆ. ಅಲ್ಲಿ ಸೈಕಲ್ ಪ್ರವಾಸಿಗಳಿಗೆ ಬೇಕಾದ ಅನುಕೂಲಗಳುಳ್ಳ ವಸತಿಗೃಹಗಳಿಗೆ ಒಂದು ಮುದ್ರೆಯನ್ನು ಕೊಡುತ್ತಾರೆ. ‘ಅಕ್ಯೋಯ್ ವೆಲೊ’ ಎಂಬ ಆ ಮುದ್ರೆ ಇರುವ ಮನೆ ದಾರಿಯಿಂದ 5 ಕಿಲೋಮೀಟರಿನೊಳಗಿರಬೇಕೆಂಬುದು ನಿಯಮ. ಸಂಸಾರ ಸಮೇತರಾಗಿ ಹೋಗುವವರಿಗೆ ನೆದರ್ಲೆಂಡ್ಸ್ ಉತ್ತಮ. ಅಲ್ಲಿಯೂ ಬೆಲ್ಜಿಯಂನಲ್ಲಿಯೂ ಸೈಕಲ್ ದಾರಿಗಳು ಕೂಡುವ ಪ್ರತಿಯೊಂದು ಸ್ಥಳಕ್ಕೂ ಒಂದು ಸಂಖ್ಯೆಯಿದೆ; ಹ್ಯೂಗೋ ಬೊಲೆನ್ ಎಂಬ ಗಣಿ ಎಂಜಿನಿಯರು 1990ರ ದಶಕದಲ್ಲಿ ಬೆಲ್ಜಿಯಂನ ಲಿಂಬರ್ಗ್ ಪ್ರಾಂತದಲ್ಲಿ ಆರಂಭಿಸಿದ ಈ ಪದ್ಧತಿಯಿಂದಾಗಿ, ನಾಲ್ಕಾರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದುಕೊಂಡವನು ಆ ದಿನವೆಲ್ಲ ಯಾರನ್ನೂ ಕೇಳದೆ ಸಂಚರಿಸಬಹುದು. ಬೆಟ್ಟದ ಏರು ಅಲ್ಲಿಲ್ಲವಾದರೂ ಸಮುದ್ರದ ಕಡೆಯಿಂದ ಬೀಸುವ ಗಾಳಿ ಅದರ ಸ್ಥಾನವನ್ನು ತುಂಬುತ್ತದೆಂಬುದನ್ನು ಮರೆಯಬಾರದು. ಒಂದು ವಾರದ ರಜೆಯೂ ದೊರೆಯದವರಿಗೆ ಜಪಾನಿನ ಶಿಮಾನಾಮಿ ದಾರಿಯನ್ನು ಸೂಚಿಸುತ್ತೇನೆ. ಒನೊಮಿಚಿಯಿಂದ ಇಮಾಬಾರಿಯವರೆಗೆ ಆರು ದ್ವೀಪಗಳನ್ನು ಸೇತುವೆಗಳಿಂದ ಪೋಣಿಸಿದ ಸುಮಾರು 70 ಕಿಲೋಮೀಟರಿನ ಈ ದಾರಿ 1999ರಲ್ಲಿ ಸಂಚಾರಕ್ಕೆ ತೆರೆಯಿತು. ನೆಲದ ಮೇಲೆ ಎಳೆದ ನೀಲಿಯ ಗೆರೆಯನ್ನು ಅನುಸರಿಸಿದರೆ ಸಾಕು, ದಾರಿ ತಪ್ಪುವ ಭಯವಿಲ್ಲ. ಎರಡು ದಿನಗಳಲ್ಲಿ, ನಡುವಣ ದ್ವೀಪವೊಂದರಲ್ಲಿ ತಂಗಿ, ಕಿತ್ತಳೆ ನಿಂಬೆಗಳ ತೋಟಗಳ ನಡುವೆ ಸುಖವಾಗಿ ಮುಗಿಸಬಹುದು. ನಮ್ಮಲ್ಲಿರುವಂತೆ ಅಲ್ಲಿಯೂ ವಾಹನಗಳು ರಸ್ತೆಯ ಎಡಗಡೆಯಲ್ಲಿಯೇ ಚಲಿಸುವುದು ಮತ್ತೊಂದು ಅನುಕೂಲ.

ದಾರಿ ನಿಶ್ಚಯವಾದ ಬಳಿಕ ಏರ್ಪಾಡಿನ ವಿಚಾರ. ಮಾರ್ಗದರ್ಶಕನೊಡನೆ ಗುಂಪಿನಲ್ಲಿ ಹೋಗುವುದು ಒಂದು ಬಗೆ. ಎಲ್ಲವನ್ನೂ ಸ್ವತಃ ಗೊತ್ತುಮಾಡಿಕೊಂಡು ಸಾಮಾನನ್ನು ಸೈಕಲ್ಲಿನ ಮೇಲೆಯೇ ಹೇರಿಕೊಂಡು ಹೋಗುವುದು ಮತ್ತೊಂದು. ರಾತ್ರಿ ಹಡಗಿನಲ್ಲಿ ಮಲಗಿ ಹಗಲು ದಂಡೆಯ ಮೇಲೆ ಸೈಕಲ್ ಹೊಡೆಯುವುದು ಇನ್ನೊಂದು. ಇವೆಲ್ಲವುಗಳ ನಡುವೆ, ವಸತಿಗಳನ್ನು ಗೊತ್ತುಮಾಡಿ, ಸೈಕಲ್ಲನ್ನು ಒದಗಿಸಿ, ಪೆಟ್ಟಿಗೆಗಳನ್ನು ದಿನದಿನವೂ ಮುಂದಿನ ಊರಿಗೆ ವ್ಯಾನಿನಲ್ಲಿ ಸಾಗಿಸಿ, ದಾರಿಯನ್ನು ಮಾತ್ರ ನಮಗೇ ಬಿಟ್ಟುಕೊಡುವ ಏರ್ಪಾಡು ಹೊಸಬರಿಗೆ ಅತ್ಯಂತ ಹಿತಕರವೆಂದು ನನಗೆ ತೋರುತ್ತದೆ. ಇದರಲ್ಲಿ ಗುಂಪಿನ ವೇಗಕ್ಕೆ ನಮ್ಮ ಕಾಲನ್ನು ಒಪ್ಪಿಸಬೇಕಾಗಿಲ್ಲ. ಹದಿನೈದು ಕಿಲೋ ಭಾರವನ್ನು ಎಳೆಯಬೇಕಾಗಿಯೂ ಇಲ್ಲ. ಬೆಲೆಯನ್ನು ಹೋಲಿಸುವಾಗ ಕೆಲವು ಸಂಗತಿಗಳನ್ನು ಬಿಡಿಸಿ ಕೇಳಬೇಕು: ಸೈಕಲ್ಲಿನ ಬಾಡಿಗೆ ಸೇರಿದೆಯೇ, ರಾತ್ರಿಯ ಊಟ ಸೇರಿದೆಯೇ, ಒಬ್ಬರೇ ಒಂದು ಕೋಣೆಯಲ್ಲಿದ್ದರೆ ಹೆಚ್ಚಿಗೆ ಎಷ್ಟು, ಪೆಟ್ಟಿಗೆಯ ತೂಕಕ್ಕೆ ಮಿತಿಯೇನು, ದಾರಿಯಲ್ಲಿ ಸೈಕಲ್ ಕೆಟ್ಟರೆ ಯಾರು ಬರುತ್ತಾರೆ, ಕೊನೆಯ ಊರಿನಿಂದ ಹಿಂದಿರುಗುವ ಟಿಕೆಟ್ಟಿನ ವೆಚ್ಚ ಯಾರದು. ಊರೂರಿನಲ್ಲಿ ರಾತ್ರಿಗಿಷ್ಟೆಂದು ಪುರಸಭೆಯವರು ವಿಧಿಸುವ ಪ್ರವಾಸಿ ತೆರಿಗೆಯನ್ನು ಸಾಮಾನ್ಯವಾಗಿ ವಸತಿಗೃಹದಲ್ಲಿ ಬೇರೆಯಾಗಿ ತೆರಬೇಕಾಗುತ್ತದೆ.

ಸ್ವಂತ ಸೈಕಲ್ಲನ್ನು ವಿಮಾನದಲ್ಲಿ ಒಯ್ಯುವುದು ಮೊದಲ ಸಲಕ್ಕೆ ಬೇಡ. ಬಾಡಿಗೆಯ ಸೈಕಲ್ಲು ಹೊಂದಬೇಕಾದರೆ ನಿಮ್ಮ ಎತ್ತರವನ್ನು ಸೆಂಟಿಮೀಟರಿನಲ್ಲಿ ಸರಿಯಾಗಿ ಬರೆದು ಕಳುಹಿಸಬೇಕು. ಎತ್ತರಕ್ಕೆ ಮೀರಿದ ಚೌಕಟ್ಟು ಮೂರನೆಯ ದಿನಕ್ಕೆ ಬೆನ್ನನ್ನೂ ಮಣಿಕಟ್ಟನ್ನೂ ಹಿಡಿದುಬಿಡುತ್ತದೆ. ಆಸ್ಟ್ರಿಯ, ಜರ್ಮನಿ, ನೆದರ್ಲೆಂಡ್ಸ್‌ಗಳಲ್ಲಿ ದೊರೆಯುವ ಎಷ್ಟೋ ಸೈಕಲ್ಲುಗಳಲ್ಲಿ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಗಾಲಿಗೆ ಬ್ರೇಕು ಬೀಳುತ್ತದೆ. ನಿಂತಾಗ ಪೆಡಲನ್ನು ಹಿಂದಕ್ಕೆ ತಿರುಗಿಸಿ ಕಾಲಿಗೆ ಅನುಕೂಲ ಮಾಡಿಕೊಳ್ಳುವುದು ನಮ್ಮವರ ಅಭ್ಯಾಸವಾದುದರಿಂದ, ಇದು ಬೇಡವಾದರೆ ಮೊದಲೇ ತಿಳಿಸಬೇಕು. ಕೈಬ್ರೇಕುಗಳಲ್ಲಿಯೂ ಯಾವ ಕೈಯದು ಯಾವ ಗಾಲಿಗೆಂಬುದನ್ನು ಹೊರಡುವ ಮುನ್ನ ಅಂಗಳದಲ್ಲಿ ಪರೀಕ್ಷಿಸಿಕೊಳ್ಳಬೇಕು. ವಯಸ್ಸಾದವರೂ, ಜತೆಗಾರರಿಗಿಂತ ಬಲ ಕಡಿಮೆಯಿರುವವರೂ ಸಂಕೋಚಪಡದೆ ವಿದ್ಯುತ್ ಸಹಾಯದ ಸೈಕಲ್ಲನ್ನು ಆರಿಸಬಹುದು. ಯುರೋಪಿನ ಒಕ್ಕೂಟದ ನಿಯಮದಂತೆ ಅದರ ಮೋಟಾರು ಪೆಡಲು ತುಳಿದಾಗ ಮಾತ್ರ, ಗಂಟೆಗೆ 25 ಕಿಲೋಮೀಟರಿನ ವೇಗದವರೆಗೆ ಮಾತ್ರ ನೆರವಾಗುತ್ತದೆ. ಆದರೆ ಅಂಥ ಸೈಕಲ್ಲು ಬಹಳ ತೂಕದ್ದು. ರೈಲು ನಿಲ್ದಾಣದ ಮೆಟ್ಟಿಲುಗಳ ಮೇಲೆ ಅದನ್ನು ಎತ್ತುವುದು ಕಷ್ಟ.

ಡ್ಯಾನ್ಯೂಬಿಗೆ ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಪ್ರಶಸ್ತ. ಜೂನಿನಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಜುಲೈಯಲ್ಲಿ ಏಪ್ರಿಕಾಟ್ ಹಣ್ಣಾಗುತ್ತದೆಯಾದರೂ ಜನಸಂದಣಿ ಹೆಚ್ಚು, ಬಿಸಿಲೂ ಹೆಚ್ಚು. ಸೆಪ್ಟೆಂಬರಿನ ಕೊನೆಗೆ ದ್ರಾಕ್ಷಿಯ ಕೊಯ್ಲು. ಜಪಾನಿಗೆ ಹೋಗುವವರು ಮಳೆಯ ಜೂನನ್ನೂ ಬಿರುಗಾಳಿಯ ಸೆಪ್ಟೆಂಬರನ್ನೂ ಬಿಟ್ಟು ಏಪ್ರಿಲ್, ಮೇ, ಅಕ್ಟೋಬರ್, ನವೆಂಬರ್‌ಗಳನ್ನು ನೋಡಿಕೊಳ್ಳಬೇಕು.

ವೀಸಾದ ವಿಷಯದಲ್ಲಿ ಪಾಸೌ–ವಿಯೆನ್ನಾ ಪ್ರವಾಸಿಗಳು ಗಮನಿಸಬೇಕಾದ ಒಂದು ಸೂಕ್ಷ್ಮವುಂಟು. ಪ್ರವಾಸ ಆರಂಭವಾಗುವುದು ಜರ್ಮನಿಯಲ್ಲಾದರೂ ಹೆಚ್ಚಿನ ರಾತ್ರಿಗಳು ಕಳೆಯುವುದು ಆಸ್ಟ್ರಿಯದಲ್ಲಿ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಲ್ಲುವ ಷೆಂಗೆನ್ ನಿಯಮದಂತೆ ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಸಲ್ಲಬೇಕಾದುದರಿಂದ, ವಿಮಾನವು ಮ್ಯೂನಿಕ್‌ನಲ್ಲಿ ಇಳಿದರೂ ಅರ್ಜಿ ಆಸ್ಟ್ರಿಯಕ್ಕೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಕೊಡಬಹುದು. ಬೇಸಗೆಯ ನೂಕುನುಗ್ಗಲನ್ನು ನೆನೆದು ಎರಡು ಮೂರು ತಿಂಗಳಾದರೂ ಮೊದಲೇ ಕೊಡುವುದು ಜಾಣತನ. ಪ್ರತಿ ರಾತ್ರಿಯ ವಸತಿಗೂ ದಾಖಲೆ ಕೇಳುತ್ತಾರೆ. ಪ್ರವಾಸ ಸಂಸ್ಥೆಯ ಒಂದೇ ಪತ್ರದಲ್ಲಿ ಊರುಗಳೂ ದಿನಾಂಕಗಳೂ ವಸತಿಗೃಹಗಳ ಹೆಸರುಗಳೂ ಬಂದರೆ ಕೆಲಸ ಹಗುರವಾಗುತ್ತದೆ. ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಕಡ್ಡಾಯ. ಆ ವಿಮೆ ಸೈಕಲ್ ಸವಾರಿಯಲ್ಲಾದ ಗಾಯಕ್ಕೂ ಅನ್ವಯಿಸುತ್ತದೆಯೇ, ವಿದ್ಯುತ್ ಸಹಾಯದ ಸೈಕಲ್ಲಿಗೆ ಅನ್ವಯಿಸುತ್ತದೆಯೇ ಎಂಬುದನ್ನು ಓದಿ ನೋಡಿಯೇ ಹಣ ಕಟ್ಟಬೇಕು.

ಸಸ್ಯಾಹಾರಿಗಳು ಉಪವಾಸವಿರಬೇಕಾಗಿಲ್ಲ, ಆದರೆ ಕೇಳಿ ತಿನ್ನಬೇಕು. ತರಕಾರಿಯ ಸಾರೆಂದು ಬರೆದಿದ್ದರೂ ಅದರ ನೀರು ಮಾಂಸ ಬೇಯಿಸಿದ್ದಾಗಿರುವುದುಂಟು. ಗಿಣ್ಣು ಬೆರೆಸಿದ ಹಿಟ್ಟಿನ ಖಾದ್ಯಗಳು, ಆಲೂಗಡ್ಡೆಯವು, ಏಪ್ರಿಕಾಟ್ ಹಣ್ಣನ್ನು ಒಳಗಿಟ್ಟು ಬೇಯಿಸಿದ ಕಡುಬು, ಒಳ್ಳೆಯ ಬ್ರೆಡ್ಡು ಎಲ್ಲೆಡೆಯೂ ಸಿಗುತ್ತವೆ. ಮೊಟ್ಟೆ ತಿನ್ನದವರು ಅದನ್ನೂ ಬೇರೆಯಾಗಿ ವಿಚಾರಿಸಬೇಕು. ಭಾನುವಾರ ಆಸ್ಟ್ರಿಯದಲ್ಲಿ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಹಳ್ಳಿಯ ಊಟದ ಮನೆಗಳೂ ವಾರಕ್ಕೊಂದೆರಡು ದಿನ ರಜ. ಶನಿವಾರವೇ ಮರುದಿನದ ಬುತ್ತಿಯನ್ನು ಕೊಂಡಿಟ್ಟುಕೊಳ್ಳಬೇಕು. ಮನೆಯಿಂದ ಅವಲಕ್ಕಿ, ಚಟ್ನಿಪುಡಿಗಳನ್ನು ಒಯ್ದರೆ ಸಮಯಕ್ಕೆ ಒದಗುತ್ತವೆ. ಹಾಲು, ತುಪ್ಪ, ಪೇಡೆಗಳನ್ನು ಮಾತ್ರ ಒಯ್ಯಕೂಡದು, ಹೊರಗಿನ ಕ್ಷೀರೋತ್ಪನ್ನಗಳಿಗೆ ಯುರೋಪಿನ ಒಕ್ಕೂಟದಲ್ಲಿ ಪ್ರವೇಶವಿಲ್ಲ. ಕೊಳಾಯಿಯ ನೀರು ನಿರ್ಭಯವಾಗಿ ಕುಡಿಯಬಹುದಾದುದು.

ಮೇಲೆ ಸೂಚಿಸಿದ ಯುರೋಪಿನ ದಾರಿಗಳಲ್ಲಿ ವಾಹನಗಳು ಬಲಗಡೆಯಲ್ಲಿ ಚಲಿಸುತ್ತವೆ. ಜನನಿಬಿಡವಾದ ರಸ್ತೆಯಲ್ಲಿ ಇದು ತಾನಾಗಿಯೇ ನೆನಪಿರುತ್ತದೆ; ಅಪಾಯವಿರುವುದು ಊಟ ಮುಗಿಸಿ ನಿರ್ಜನವಾದ ಬೀದಿಗೆ ಮತ್ತೆ ಇಳಿಯುವ ಆ ಗಳಿಗೆಯಲ್ಲಿ, ಆಗ ಹಳೆಯ ಅಭ್ಯಾಸ ಕೈಯನ್ನು ಎಡಕ್ಕೆ ಎಳೆಯುತ್ತದೆ. ಆಸ್ಟ್ರಿಯದಲ್ಲಿ 12 ವರ್ಷದೊಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ಧರಿಸುವುದು ವಿಹಿತ. ಮದ್ಯ ಕುಡಿದು ಸೈಕಲ್ ಹೊಡೆಯುವವರಿಗೂ ಅಲ್ಲಿ ಕಾನೂನಿನ ಮಿತಿಯುಂಟು, ದಂಡವೂ ಉಂಟು. ಅಪಘಾತವಾದರೆ ಒಕ್ಕೂಟದ ಯಾವ ದೇಶದಲ್ಲಿಯಾದರೂ 112 ಎಂಬ ಸಂಖ್ಯೆಗೆ ಫೋನು ಮಾಡಬಹುದು.

ಇನ್ನು ಪೂರ್ವಾಭ್ಯಾಸ. ಒಂದು ದಿನ 50 ಕಿಲೋಮೀಟರು ಹೋಗಿಬರುವುದು ನಿಜವಾದ ಪರೀಕ್ಷೆಯಲ್ಲ. ಮರುದಿನ ಬೆಳಿಗ್ಗೆ ಅದೇ ಸೀಟಿನ ಮೇಲೆ ಮತ್ತೆ ಕುಳಿತು ಅಷ್ಟೇ ದೂರ ಹೋಗಬಲ್ಲೆವೇ ಎಂಬುದೇ ಪರೀಕ್ಷೆ. ಮೈಸೂರಿನಿಂದ ಶ್ರೀರಂಗಪಟ್ಟಣದ ಕಡೆಯ ನಾಲೆಯ ದಾರಿಗಳಲ್ಲಿಯೋ, ನಿಮ್ಮ ಊರಿನ ಸಮೀಪದ ಕೆರೆ ಏರಿಗಳ ಮೇಲೆಯೋ, ವಾರಾಂತ್ಯದ ಎರಡು ದಿನ ಬಿಡದೆ, ಅಲ್ಲಿ ಧರಿಸಬೇಕೆಂದಿರುವ ಮೆತ್ತೆಯ ಚಡ್ಡಿಯನ್ನೇ ಧರಿಸಿ ಹೋಗಿನೋಡಬೇಕು; ಹೆಂಗಸರು ಚೈನಿಗೆ ಸಿಕ್ಕುವಂಥ ದುಪಟ್ಟಾ, ಸಡಿಲವಾದ ಪಾಯಿಜಾಮಗಳನ್ನು ಬಿಟ್ಟು ಬೇರೆ ಉಡುಪನ್ನು ಈಗಲೇ ರೂಢಿ ಮಾಡಿಕೊಳ್ಳಬೇಕು. ಎರಡನೆಯ ದಿನದ ಸಂಜೆ ದೇಹವು ದಣಿದಿದ್ದರೂ ನೋವಿಲ್ಲದಿದ್ದರೆ ಗೊತ್ತುಮಾಡಿಕೊಂಡ ಏರ್ಪಾಡನ್ನು ಹಾಗೆಯೇ ಉಳಿಸಿಕೊಳ್ಳಿ. ಮಂಡಿಯಲ್ಲಿಯೋ ಸೊಂಟದಲ್ಲಿಯೋ ನೋವು ಕಂಡರೆ ದಿನದ ದೂರವನ್ನು ಕಡಿಮೆ ಮಾಡಿಸಿ, ಇಲ್ಲವೆ ವಿದ್ಯುತ್ ಸಹಾಯದ ಸೈಕಲ್ಲಿಗೆ ಬದಲಾಯಿಸಿಕೊಳ್ಳಿ. ಮುಂಗಡ ಹಣವನ್ನು ಸಂಸ್ಥೆ ಹಿಂದಿರುಗಿಸುವ ಕೊನೆಯ ದಿನಾಂಕ ಕಳೆಯುವುದಕ್ಕೆ ಮುಂಚೆಯೇ ಈ ಪರೀಕ್ಷೆ ಮುಗಿದಿರಬೇಕು.